ಯಾವ ಕ್ರಾಸ್‌ಓವರ್‌ಗೆ ವಿಕಿಯಲ್ಲಿ ಸ್ವಂತ ಪುಟ? ಮೂರು ನಿಯಮ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಮೂರನೆಯ ನಿಯಮಕ್ಕೆ. ಕ್ರಾಸ್‌ಓವರ್ ಎಂದರೆ ಒಂದು ಆಟ ಬೇರೆ ಸಿನಿಮಾದ ಅಥವಾ ಸಂಸ್ಥೆಯ ಜೊತೆ ಸೇರಿ ತರುವಂಥದ್ದು. ಆಡುವ ರೀತಿಯನ್ನೇ ಬದಲಿಸಿದ ಕ್ರಾಸ್‌ಓವರ್‌ಗೆ ಮಾತ್ರ ಸ್ವಂತ ಪುಟ, ಉಳಿದದ್ದಕ್ಕೆಲ್ಲ ಆಯಾ ವರ್ಷದ ಪಟ್ಟಿಯಲ್ಲಿ ಒಂದೆರಡು ಸಾಲು. ಬದಿಯಡ್ಕದ ಕಡೆಯ ನಾವು ನಾಲ್ಕೈದು ಜನ ಸೇರಿ ನಡೆಸುವ ಆ್ಯಂಗ್ರಿ ಬರ್ಡ್ಸ್ (ಕವಣೆಯಿಂದ ಹಕ್ಕಿ ಹಾರಿಸಿ ಹಂದಿಗಳನ್ನು ಉರುಳಿಸುವ ಫೋನಿನ ಆಟ) ಅಭಿಮಾನಿ ವಿಕಿಯಲ್ಲಿ, ಎಂದರೆ ಓದುವವರೇ ಬರೆದು ತಿದ್ದುವ ಜಾಲತಾಣದಲ್ಲಿ, ಈಗ ಇರುವುದು ಇದೇ. ಇದಕ್ಕೆ ಮೊದಲು ಇನ್ನೆರಡು ನಿಯಮಗಳನ್ನು ಬಳಸಿ ನೋಡಿದ್ದೇವೆ. ಒಂದು, ಬಂದ ಕ್ರಾಸ್‌ಓವರ್‌ಗೆಲ್ಲ ಪುಟ ತೆರೆಯುವುದು. ಇನ್ನೊಂದು, ಆಟ ಮಾಡಿದ ಕಂಪೆನಿ ರೋವಿಯೊ ತಾನಾಗಿ ಪ್ರಕಟಿಸಿದ್ದಕ್ಕೆ ಮಾತ್ರ ತೆರೆಯುವುದು. ಬೇರೆ ಆಟದ್ದೋ ಕಾರ್ಟೂನಿನದ್ದೋ ಕನ್ನಡ ವಿಕಿ ಕಟ್ಟಲು ಹೊರಟವರಿಗೆ ನಮ್ಮ ಅನುಭವ ಪ್ರಯೋಜನಕ್ಕೆ ಬಂದೀತು.

ನಮ್ಮಲ್ಲಿ ಓದುವವರು ಹೆಚ್ಚಿನಂಶ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳು. ಆಟಗಳ ವಿಷಯ ಇಂಗ್ಲಿಷಿನಲ್ಲಿ ಬೇಕಾದಷ್ಟು ಉಂಟು, ಕನ್ನಡದಲ್ಲಿ ಹುಡುಕಿದರೆ ಸಿಕ್ಕುವುದು ಬಹಳ ಕಡಿಮೆ. ಅಷ್ಟು ಹುಡುಕಿ ಬಂದ ಮಗುವಿಗೆ ಪುಟ ತೆರೆದ ಕೂಡಲೇ ಓದಲು ಏನಾದರೂ ಇರಬೇಕು ಎಂಬುದು ನನ್ನ ಹಟ. ಮೂರೂ ನಿಯಮಗಳನ್ನು ನಾನು ಅಳೆದದ್ದು ಈ ಹಟದಿಂದಲೇ.

ಎಲ್ಲದಕ್ಕೂ ಪುಟ ಎಂಬ ನಿಯಮದಲ್ಲಿ ಉತ್ಸಾಹ ಬೇಗ ಹುಟ್ಟುತ್ತದೆ, ಅದು ನಿಜ. ಹೊಸದಾಗಿ ಸೇರಿದವರಿಗೆ "ಇದರದ್ದು ಇನ್ನೂ ಯಾರೂ ಬರೆದಿಲ್ಲ, ನೀವೇ ಬರೆಯಿರಿ" ಎನ್ನಬಹುದು. ಸೀಮಿತ ಅವಧಿಯ ಸ್ಪರ್ಧೆ, ಆಟದ ಹಕ್ಕಿಗೆ ಹೊಸ ಟೋಪಿ, ಯಾವುದೋ ತಿಂಡಿಯ ಪೊಟ್ಟಣದ ಮೇಲಿನ ಹಕ್ಕಿ, ಎಲ್ಲಕ್ಕೂ ಪುಟಗಳು ಬಂದವು. ಆಮೇಲೆ ಶುರುವಾದ ತೊಂದರೆಯೊಂದು ಇವತ್ತಿಗೂ ಪೂರ್ತಿ ಮುಗಿದಿಲ್ಲ.

ಪ್ರಚಾರದ ಸ್ಪರ್ಧೆ ನಡೆಯುತ್ತಿರುವಾಗ ಬರೆದ ಪುಟದಲ್ಲಿ "ಈಗ ನಡೆಯುತ್ತಿದೆ", "ಆಡಿದವರಿಗೆ ಟೋಪಿ ಸಿಗುತ್ತದೆ" ಎಂದೇ ಇರುತ್ತದೆ. ಸ್ಪರ್ಧೆ ಮುಗಿದ ದಿನ ಆ ಪುಟವನ್ನು ತಿದ್ದಲು ಯಾರಿಗೂ ನೆನಪಿರುವುದಿಲ್ಲ. ಅಕ್ಕನ ಮಗ ಒಂದು ದಿನ ಫೋನು ಹಿಡಿದುಕೊಂಡು ಬಂದು, "ಚಿಕ್ಕಮ್ಮಾ, ಇದು ನನ್ನ ಆಟದಲ್ಲಿ ಎಲ್ಲಿ ಉಂಟು? ನಿಮ್ಮ ಪುಟದಲ್ಲಿ ಉಂಟು ಅಂತ ಬರೆದಿದ್ದಾರಲ್ಲ" ಎಂದ. ಆ ಸ್ಪರ್ಧೆ ಮುಗಿದು ಎಷ್ಟೋ ಕಾಲವಾಗಿತ್ತು. ಅವನು ಶಾಲೆಯಿಂದ ಬಂದು ಅದನ್ನೇ ಹುಡುಕುತ್ತಾ ಕೂತಿದ್ದನಂತೆ. ನನಗೆ ನಿಜಕ್ಕೂ ಬೇಸರವಾಯಿತು.

ಸರಿ, ತಿದ್ದೋಣ ಎಂದು ಕೂತರೆ ಮುಂದಿನ ತೊಡಕು. ಯಾವಾಗ ಮುಗಿಯಿತು? ಪ್ರಚಾರ ಶುರುವಾಗುವಾಗ ಎಲ್ಲೆಡೆ ಸದ್ದು ಮಾಡುತ್ತಾರೆ, ಮುಗಿಯುವಾಗ ಹೆಚ್ಚಾಗಿ ಸದ್ದೇ ಇಲ್ಲ. ಶುರುವಾದ ತಾರೀಕು ನಾಲ್ಕು ಕಡೆ ಸಿಕ್ಕಿದರೂ ಮುಗಿದ ತಾರೀಕು ಎಲ್ಲಿಯೂ ಸಿಕ್ಕುವುದಿಲ್ಲ. ಅದರ ಹಂತಗಳೂ ಆಟದಿಂದ ಮಾಯವಾಗಿರುವುದರಿಂದ ಆಡಿ ನೋಡಿ ಬರೆಯುವ ದಾರಿಯೂ ಇಲ್ಲ. ಒಬ್ಬರು ಆ ಟೋಪಿ ಹಾಕಿದರೆ ಹೆಚ್ಚು ಅಂಕ ಸಿಗುತ್ತಿತ್ತು ಎಂದು ಬರೆದರು, ಇನ್ನೊಬ್ಬರು ಅಂಥದ್ದೇನೂ ಇರಲಿಲ್ಲ ಎಂದು ಅಳಿಸಿದರು. ಇಬ್ಬರೂ ಸುಳ್ಳು ಹೇಳುವವರಲ್ಲ. ಆದರೆ ಯಾರು ಸರಿ ಎಂದು ನೋಡಿ ಹೇಳಲು ಸಾಕ್ಷಿಯೇ ಉಳಿದಿಲ್ಲ. ಕೊನೆಗೆ ಆ ಸಾಲನ್ನೇ ತೆಗೆದುಹಾಕಿದೆವು. ಉಳಿದದ್ದು ಶೀರ್ಷಿಕೆ, ಒಂದು ಮಸುಕು ಚಿತ್ರ, ಒಂದೂವರೆ ವಾಕ್ಯ.

ಇಂಥ ಪುಟಗಳು ಹತ್ತಿಪ್ಪತ್ತಾದಾಗ ಇರುವ ಸಮಯವೆಲ್ಲ ಅವುಗಳಿಗೇ ಹೋಗುತ್ತದೆ. ನಾನು ಬರೆಯುವುದು ರಾತ್ರಿ, ಅದೂ ಫೋನಿನಲ್ಲಿ, ದಿನದ ಡೇಟಾ ಮುಗಿಯುವ ಮೊದಲು. ಮಳೆಗಾಲದಲ್ಲಿ ಕರೆಂಟು ಹೋದರೆ ಅದರ ಹಿಂದೆಯೇ ರೇಂಜೂ ಹೋಗುತ್ತದೆ. ಹೀಗೆ ಸಿಕ್ಕುವ ಅರ್ಧ ಗಂಟೆಯನ್ನು "ನಡೆಯುತ್ತಿದೆ" ಎಂಬುದನ್ನು "ನಡೆಯಿತು" ಎಂದು ಮಾಡುವುದರಲ್ಲೇ ಕಳೆಯುವುದು ನನಗೆ ಒಗ್ಗಲಿಲ್ಲ.

ಎರಡನೆಯ ನಿಯಮ ಚೊಕ್ಕ. ಗಾಳಿಸುದ್ದಿ, ಅಭಿಮಾನಿಗಳು ಬಿಡಿಸಿದ ಚಿತ್ರ, "ಬರಲಿದೆಯಂತೆ" ಎಂಬ ಮಾತು, ಎಲ್ಲ ಬಾಗಿಲಲ್ಲೇ ನಿಂತವು. ಆದರೆ ಅಧಿಕೃತವಾದದ್ದಕ್ಕೆಲ್ಲ ಹೇಳಲು ವಿಷಯ ಇರಬೇಕಲ್ಲ? 2011ರ ಸೆಪ್ಟೆಂಬರಿನಲ್ಲಿ ಫಿನ್‌ಏರ್ ಒಂದು ವಿಮಾನದ ಮೈಮೇಲೆ ಈ ಹಕ್ಕಿಗಳನ್ನು ಬಿಡಿಸಿ ಹೆಲ್ಸಿಂಕಿಯಿಂದ ಸಿಂಗಾಪುರಕ್ಕೆ ಹಾರಿಸಿತು. 2017ರಲ್ಲಿ ಎವರ್ಟನ್ ಫುಟ್‌ಬಾಲ್ ತಂಡದ ಅಂಗಿಯ ತೋಳಿನ ಮೇಲೆ ಆ್ಯಂಗ್ರಿ ಬರ್ಡ್ಸ್ ಗುರುತು ಬಂತು. ಎರಡೂ ಅಧಿಕೃತ. ಎರಡಕ್ಕೂ ಪುಟ ತೆರೆದೆವು, ಎರಡೂ ಎರಡೇ ವಾಕ್ಯಕ್ಕೆ ಮುಗಿದವು. 2016ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಸಂತೋಷ ದಿನಕ್ಕೆಂದು ವಿಶ್ವಸಂಸ್ಥೆ ರೆಡ್ ಹಕ್ಕಿಯನ್ನು ಹಸಿರಿನ ಗೌರವ ರಾಯಭಾರಿ ಮಾಡಿತ್ತು. ಮಕ್ಕಳಿಗೆ ಹೇಳಲೇಬೇಕಾದ ಸುದ್ದಿ ಅದು. ಆದರೂ ಅದರ ಜಾಗ ರೆಡ್‌ನ ಪುಟದೊಳಗೇ, ರೆಡ್‌ನ ವಿಷಯ ಓದುವವರ ಕಣ್ಣಿಗೆ ಬೀಳುವ ಕಡೆ.

ಈಗ ನನ್ನ ಮೆಚ್ಚಿನ ನಿಯಮ. ಕೇಳಬೇಕಾದ ಪ್ರಶ್ನೆ ಒಂದೇ: ಕವಣೆ ಎಳೆದಾಗ ಮೊದಲು ಆಗದೇ ಇದ್ದ ಏನಾದರೂ ಈಗ ಆಗುತ್ತದೆಯೇ?

2011ರ ಮಾರ್ಚಿನಲ್ಲಿ ಬಂದ ರಿಯೊವನ್ನು ನೋಡಿ. ಅದೇ ಹೆಸರಿನ ಸಿನಿಮಾದ ಪ್ರಚಾರಕ್ಕೆಂದೇ ಬಂದ ಆಟ ಅದು. ಆದರೆ ಅದರಲ್ಲಿ ಹಂದಿಗಳೇ ಇಲ್ಲ. ಗೂಡಿನಲ್ಲಿ ಕೂಡಿಹಾಕಿದ ಹಕ್ಕಿಗಳನ್ನು ಬಿಡಿಸಬೇಕು, ಕೋತಿಗಳನ್ನು ಉರುಳಿಸಬೇಕು, ಮುಂದೆ ಸಿನಿಮಾದ ಹಕ್ಕಿಗಳಾದ ಬ್ಲೂ ಮತ್ತು ಜ್ಯುವೆಲ್ ತಾವೇ ಕವಣೆಗೆ ಬರುತ್ತವೆ. 2012ರ ನವೆಂಬರಿನ ಸ್ಟಾರ್ ವಾರ್ಸ್‌ನಲ್ಲಿ ರೆಡ್ ಬೆಳಕಿನ ಕತ್ತಿ ಬೀಸುತ್ತದೆ, ಚಕ್ ಎಂಬ ಹಳದಿ ಹಕ್ಕಿ ಬಂದೂಕು ಹಾರಿಸುತ್ತದೆ, ಕೆಲವು ಹಂತಗಳಲ್ಲಿ ಗ್ರಹದ ಸೆಳೆತಕ್ಕೆ ಹಕ್ಕಿಯ ದಾರಿಯೇ ಬಾಗುತ್ತದೆ. 2014ರ ಟ್ರಾನ್ಸ್‌ಫಾರ್ಮರ್ಸ್‌ನಲ್ಲಂತೂ ಕವಣೆಯೇ ಇಲ್ಲ, ಓಡುತ್ತಾ ಗುಂಡು ಹಾರಿಸುವ ಆಟ. ಇಂಥವಕ್ಕೆ ಪುಟ ತೆರೆದರೆ ಬರೆಯಲು ಹುಡುಕಬೇಕಾಗಿಲ್ಲ. ಯಾವ ಹಕ್ಕಿ ಏನು ಮಾಡುತ್ತದೆ, ಯಾವುದನ್ನು ಯಾವಾಗ ಒತ್ತಬೇಕು ಎಂಬುದೇ ಪುಟ ತುಂಬುತ್ತದೆ. ಮಕ್ಕಳು ಕೇಳುವುದೂ ಅದನ್ನೇ.

ನಾಸಾದ ವಿಷಯವನ್ನೂ ಇದೇ ಪ್ರಶ್ನೆ ಬಗೆಹರಿಸಿತು. 2012ರ ಮಾರ್ಚಿನಲ್ಲಿ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಗಗನಯಾತ್ರಿ ಡಾನ್ ಪೆಟಿಟ್ ರೆಡ್‌ನ ಗೊಂಬೆಯನ್ನು ತೇಲಿಸಿ, ಗುರುತ್ವವಿಲ್ಲದಲ್ಲಿ ವಸ್ತು ಹೇಗೆ ಚಲಿಸುತ್ತದೆ ಎಂದು ತೋರಿಸಿದ್ದರು. ವಿಜ್ಞಾನದ ಪಾಠಕ್ಕೂ ಒದಗುವ ವಿಷಯ. ಆದರೆ ಗೊಂಬೆ ತೇಲಿಸಿದ್ದರಿಂದ ಆಡುವ ರೀತಿ ಬದಲಾಗಲಿಲ್ಲ, ಹಾಗಾಗಿ ಸ್ವಂತ ಪುಟದ ಬದಲು ಆ್ಯಂಗ್ರಿ ಬರ್ಡ್ಸ್ ಸ್ಪೇಸ್ ಆಟದ ಪುಟದಲ್ಲಿ ಅದಕ್ಕೆ ಒಂದು ವಿಭಾಗ ಕೊಟ್ಟೆವು.

ಈ ನಿಯಮ ನನಗೆ ಹಿಡಿಸಲು ಇನ್ನೊಂದು ಕಾರಣ ಒಂದು ಹಳೆ ಟ್ಯಾಬ್ಲೆಟ್. ರಿಯೊ, ಸ್ಟಾರ್ ವಾರ್ಸ್ ಎರಡನ್ನೂ ರೋವಿಯೊ ಕಂಪೆನಿ ಆ್ಯಪ್ ಅಂಗಡಿಗಳಿಂದ ತೆಗೆದಿದೆ. ಮೂಲ ಆಟವನ್ನು 2022ರಲ್ಲಿ ಹೊಸದಾಗಿ ಕಟ್ಟಿ ಹಣಕ್ಕೆ ಮಾರಿದರು, 2023ರ ಫೆಬ್ರವರಿಯಲ್ಲಿ ಅದನ್ನೂ ಗೂಗಲ್ ಪ್ಲೇಯಿಂದ ಎತ್ತಿದರು. ಹಾಗಾಗಿ ಕಾಸರಗೋಡು ಪೇಟೆಯ ಮೊಬೈಲ್ ಅಂಗಡಿಯೊಂದರಲ್ಲಿ ಈ ಎರಡೂ ಆಟಗಳಿದ್ದ ಸೆಕೆಂಡ್‌ಹ್ಯಾಂಡ್ ಟ್ಯಾಬ್ಲೆಟ್ ಕಂಡಾಗ ಕೊಂಡುಕೊಂಡೆ. ಎರಡು ಸಾವಿರ ರೂಪಾಯಿಯೊಳಗೆ ಮುಗಿಯಿತು. ಬ್ಯಾಟರಿ ನಿಲ್ಲುವುದಿಲ್ಲ, ಚಾರ್ಜಿಗೆ ಹಾಕಿಯೇ ಆಡಬೇಕು. ಆದರೆ ಆಟಗಳು ಓಡುತ್ತವೆ. ಯಾರಾದರೂ ರಿಯೊ ಪುಟದಲ್ಲಿ ಸಂಶಯದ ಸಾಲು ಬರೆದರೆ ಆ ಹಂತ ಆಡಿ, ನೋಡಿ, ಅಲ್ಲಿಯೇ ಸರಿಪಡಿಸುತ್ತೇನೆ. ಈ ಕೆಲಸಕ್ಕೆ ನಾನು ಖರ್ಚು ಮಾಡಿದ ಹಣದಲ್ಲಿ ಇಷ್ಟು ಸಾರ್ಥಕವಾದದ್ದು ಬೇರೊಂದಿಲ್ಲ. ಎಲ್ಲದಕ್ಕೂ ಪುಟ ಎಂಬ ನಿಯಮವೇ ಇದ್ದಿದ್ದರೆ ಎಷ್ಟು ಟ್ಯಾಬ್ಲೆಟ್ ಕೊಂಡರೂ ಸಾಕಾಗುತ್ತಿರಲಿಲ್ಲ.

ಮತ್ತೆ, ಆಡಲು ಸಿಗದ ಆಟಕ್ಕೇ ವಿಕಿಯ ಅಗತ್ಯ ಹೆಚ್ಚು ಎಂದು ನನಗೆ ಅನಿಸುತ್ತದೆ. ಅಂಗಡಿಯಲ್ಲಿರುವ ಆಟವನ್ನು ಯಾರೂ ಇಳಿಸಿಕೊಂಡು ನೋಡಬಹುದು. ರಿಯೊದ ಕೊನೆಯಲ್ಲಿ ನೈಜೆಲ್ ಎಂಬ ಖಳ ಹಕ್ಕಿಯನ್ನು ಸೋಲಿಸುವುದು ಹೇಗೆ ಎಂದು ಈಗಿನ ಮಗುವಿಗೆ ಹೇಳಬೇಕಾದವರು ನಾವೇ.

ಈ ನಿಯಮವೂ ಸಿಕ್ಕಿಬೀಳುವ ಕಡೆಗಳಿವೆ. 2013ರ ಸ್ಟಾರ್ ವಾರ್ಸ್ ಎರಡನೆಯ ಭಾಗದಲ್ಲಿ ಟೆಲಿಪಾಡ್ಸ್ ಎಂಬ ಗೊಂಬೆಗಳಿದ್ದವು. ಹ್ಯಾಸ್ಬ್ರೊ ಮಾಡಿದ ಆ ಗೊಂಬೆಯನ್ನು ಟ್ಯಾಬ್ಲೆಟ್ಟಿನ ಕ್ಯಾಮೆರಾದ ಮೇಲೆ ಇಟ್ಟರೆ ಆ ಪಾತ್ರ ಆಟದೊಳಗೆ ಬರುತ್ತಿತ್ತು. ಅದು ಆಟವನ್ನು ಬದಲಿಸಿತೋ, ಬರೀ ಗೊಂಬೆ ಮಾರುವ ಉಪಾಯವೋ ಎಂದು ನಮ್ಮೊಳಗೆ ದೊಡ್ಡ ಚರ್ಚೆಯೇ ಆಯಿತು. ಬದಲಿಸಿತು ಎಂಬುದು ನನ್ನ ನಿಲುವು. ಆದರೆ ಗೊಂಬೆ ಕೊಂಡು ಪರೀಕ್ಷಿಸುವಷ್ಟು ಹಣ ಇದಕ್ಕೆ ಹಾಕಲಾರೆ, ಹಾಗಾಗಿ ಆಟದ ಪುಟದೊಳಗೇ ವಿಭಾಗವಾಗಿ ಇಟ್ಟಿದ್ದೇವೆ.

ಹೆಚ್ಚು ಕಾಡುವುದು ಹೈಕ್ಕಿ. ಫಾರ್ಮುಲಾ ಒನ್ ಚಾಲಕ ಹೈಕ್ಕಿ ಕೊವಲೈನೆನ್ ಹೆಸರಿನಲ್ಲಿ 2012ರಲ್ಲಿ ಬ್ರೌಸರಿನಲ್ಲೇ ಆಡುವ ಆಟವೊಂದು ಬಂದಿತ್ತು, ಆ ವರ್ಷದ ರೇಸ್ ಟ್ರ್ಯಾಕುಗಳ ಮೇಲೆ ಕಟ್ಟಿದ ಹಂತಗಳು ಅದರಲ್ಲಿದ್ದವು. ನನ್ನ ಪ್ರಶ್ನೆಗೆ ಅದರ ಉತ್ತರ ಹೌದು, ಪುಟ ಸಿಗಬೇಕು. ಆದರೆ ಯಾವ ಹಳೆ ಟ್ಯಾಬ್ಲೆಟ್ಟಿನಲ್ಲೂ ಅದು ಉಳಿದಿರುವುದಿಲ್ಲ. ಸದ್ಯ 2012ರ ಪಟ್ಟಿಯಲ್ಲಿ ಮೂರು ಸಾಲಾಗಿ ಉಂಟು. ಆಗ ಆಡಿದವರ ಹಳೆ ಕಂಪ್ಯೂಟರಿನಲ್ಲಿ ಅದರ ಪರದೆಚಿತ್ರಗಳಿದ್ದರೆ, ಯಾವ ಟ್ರ್ಯಾಕಿನ ಹಂತ ಎಂದು ಬರೆದು ಸೇರಿಸಿ. ನಾಲ್ಕು ಟ್ರ್ಯಾಕಿನ ಚಿತ್ರ ಸಿಕ್ಕಿದರೂ ಸಾಕು, ಪುಟ ನಾನೇ ತೆರೆಯುತ್ತೇನೆ.