ಪಿಕಪ್‌ಗೆ ಲಿಫ್ಟ್ ಕಿಟ್ ಹಾಕಿಸಲು ಹೊರಟಿದ್ದೀರಾ? ನನ್ನ ಗಾಡಿಗೆ ಆಗಿದ್ದನ್ನು ಒಮ್ಮೆ ಓದಿ

ಕಳೆದ ಮಳೆಗಾಲದಲ್ಲಿ ಕಗ್ಗಲೀಪುರದ ಹತ್ತಿರ ಒಂದು ಹಂಪ್ ಮುಂದೆ ನನ್ನ ಪಿಕಪ್ ನಿಲ್ಲಬೇಕಾದ ಜಾಗದಲ್ಲಿ ನಿಲ್ಲಲಿಲ್ಲ. ಹಿಂದೆ ಆರು ಮೂಟೆ ಸಿಮೆಂಟ್ ಇತ್ತು. ಪಕ್ಕದಲ್ಲಿ ಅಪ್ಪ. ಬ್ರೇಕ್ ಒತ್ತಿದೆ. ಮೂತಿ ನೆಲಕ್ಕೆ ಬಗ್ಗಿತು, ಪೆಡಲ್ ಕಾಲಡಿಯಲ್ಲಿ ಗಡಗಡ ಅಂದಿತು, ಹಿಂದಿನ ಭಾರ ಮಾತ್ರ ತಳ್ಳುತ್ತಲೇ ಇತ್ತು. ಮುಂದಿದ್ದ ಟೆಂಪೋಗೂ ನಮಗೂ ಒಂದು ಗೇಣು ಉಳಿದಿರಬೇಕು, ಅಷ್ಟೇ. ಅಪ್ಪ ಡ್ಯಾಶ್‌ಬೋರ್ಡ್ ಮೇಲೆ ಊರಿದ ಕೈ ತೆಗೆಯದೆ, "ಏನಾಗಿದೆಯೋ ಗಾಡಿಗೆ? ಮುಂಚೆ ಹೀಗಿರಲಿಲ್ಲ" ಅಂದರು.

ಹೌದು, ಇರಲಿಲ್ಲ. ಎರಡು ತಿಂಗಳ ಹಿಂದಷ್ಟೇ ಲಿಫ್ಟ್ ಕಿಟ್, ಅಂದರೆ ಗಾಡಿಯನ್ನು ನೆಲದಿಂದ ಎತ್ತರಿಸುವ ಸಾಮಾನು, ಹಾಕಿಸಿದ್ದೆ.

ನನ್ನದು ಡಬಲ್ ಕ್ಯಾಬ್, ಫೋರ್ ಬೈ ಫೋರ್. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್. ಮನೆ ಬನಶಂಕರಿಯಲ್ಲಿ, ಚಿಕ್ಕ ತೋಟ ಸಾತನೂರಿನ ಹತ್ತಿರ. ಮಳೆ ಬಂದರೆ ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಚಕ್ರದ ಹಳ್ಳ ಬೀಳುತ್ತದೆ, ಗಾಡಿಯ ಹೊಟ್ಟೆ ನಡುವಿನ ದಿಬ್ಬಕ್ಕೆ ಉಜ್ಜುತ್ತದೆ. ಸ್ವಲ್ಪ ಎತ್ತರಿಸಿದರೆ ಸರಿಹೋಗುತ್ತೆ ಅಂದುಕೊಂಡೆ. ಕಾರ್ ಅಲಂಕಾರದ ಒಂದು ಅಂಗಡಿಗೆ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಇಂಚ್ ಬೇಕು ಸಾರ್?" ನಾನು ಎರಡು ಅಂದೆ. "ಮೂರು ಹಾಕ್ಸಿ ಸಾರ್, ಲುಕ್ ಬರುತ್ತೆ" ಅಂದರು. ಗಾಡಿಯಲ್ಲಿ ದಿನಾ ಏನು ಹೇರುತ್ತೀರಿ, ಎಷ್ಟು ತೂಕ, ಮುಂದೆ ವಿಂಚ್ (ಹೂತ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ) ಇದೆಯಾ ಅಂತ ಒಬ್ಬರೂ ಕೇಳಲಿಲ್ಲ. 32 ಸಾವಿರ ಕೊಟ್ಟೆ. ಮಧ್ಯಾಹ್ನ ಬಿಟ್ಟ ಗಾಡಿ ಸಂಜೆಗೆ ರೆಡಿ ಇತ್ತು.

ಬಿಲ್ಲಿನಲ್ಲಿ 'ಸಸ್ಪೆನ್ಷನ್ ಕಿಟ್' ಅಂತ ಬರೆದಿದ್ದರು. ಒಳಗೆ ಇದ್ದದ್ದು ಮುಂದಿನ ಶಾಕ್ (ಶಾಕ್ ಅಬ್ಸಾರ್ಬರ್) ಮೇಲೆ ಇಡುವ ಎರಡು ಬಿಲ್ಲೆ, ಹಿಂದಿನ ಆಕ್ಸಲ್‌ಗೂ ಲೀಫ್ ಸ್ಪ್ರಿಂಗ್‌ಗೂ ನಡುವೆ ತುರುಕುವ ಎರಡು ಕಬ್ಬಿಣದ ಬ್ಲಾಕ್. ಸ್ಪ್ರಿಂಗ್ ಹಳೇದೇ, ಶಾಕ್ ಹಳೇದೇ. ಇದನ್ನು ನಾನು ಆ ದಿನವೇ ಬಗ್ಗಿ ನೋಡಬೇಕಿತ್ತು. ನೋಡಲಿಲ್ಲ.

ಕಗ್ಗಲೀಪುರದ ಘಟನೆಯ ಮರುದಿನ ಜೆ.ಸಿ. ರೋಡ್ ಕಡೆ ಕೆಲಸ ಮಾಡುವ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ನಾವೆಲ್ಲ ಭಾಯ್ ಅಂತಲೇ ಕರೆಯುವುದು. ಅವರು ಗಾಡಿ ಮೇಲೆತ್ತಿ, ಮೊದಲು ಹಿಂದಿನ ಆಕ್ಸಲ್ ಹತ್ತಿರ ಟಾರ್ಚ್ ಬಿಟ್ಟು ಒಂದು ಸಣ್ಣ ಸರಳನ್ನು ತೋರಿಸಿದರು. ಅದು ಲೋಡ್ ಸೆನ್ಸಿಂಗ್ ವಾಲ್ವ್‌ನದು. ಎಷ್ಟೋ ಪಿಕಪ್‌ಗಳಲ್ಲಿ ಇದು ಇರುತ್ತದೆ. ಹಿಂದೆ ಭಾರ ಬಿದ್ದಾಗ ಚಾಸಿ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟು, ಕೆಳಗೆ ಇಳಿಯುತ್ತದೆ, ಸರಳು ತಿರುಗುತ್ತದೆ, ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಹೋಗುತ್ತದೆ. ಗಾಡಿ ಖಾಲಿ ಇದ್ದರೆ ಒತ್ತಡ ಕಡಿಮೆ. ಬ್ಲಾಕ್ ಇಟ್ಟ ಮೇಲೆ ಚಾಸಿಗೂ ಆಕ್ಸಲ್‌ಗೂ ನಡುವಿನ ದೂರ ಜಾಸ್ತಿಯಾಯಿತು. ಆರು ಮೂಟೆ, ಅಂದರೆ 300 ಕೆ.ಜಿ. ಹೇರಿದ್ದರೂ ಆ ವಾಲ್ವ್ ಪಾಲಿಗೆ ಗಾಡಿ ಖಾಲಿಯೇ! "ಇದನ್ನು ಅಡ್ಜಸ್ಟ್ ಮಾಡೇ ಇಲ್ಲ ಸಾರ್, ಮುಟ್ಟಿದ ಗುರುತೂ ಇಲ್ಲ" ಅಂದರು. ಸರಳಿನ ನಟ್ ಮೇಲೆ ಹಳೇ ಕೆಸರು ಒಣಗಿ ಹಾಗೇ ಇತ್ತು.

ಆಮೇಲೆ ಮುಂದಕ್ಕೆ ಬಂದರು. ಎಡಚಕ್ರದ ಒಳಗಡೆ ರಿಮ್ ಸುತ್ತ ಕಪ್ಪು ಗ್ರೀಸ್ ಚಿಮ್ಮಿತ್ತು, ಸಾರಿಗೆ ಒಗ್ಗರಣೆ ಸಿಡಿದ ಹಾಗೆ. ಆಕ್ಸಲ್ ಜಾಯಿಂಟ್ ಮೇಲಿನ ರಬ್ಬರ್ ಬೂಟ್ ಮಡಿಕೆಯಲ್ಲೇ ಸೀಳಿತ್ತು. ಬೆರಳಲ್ಲಿ ಗ್ರೀಸ್ ತೆಗೆದು ಉಜ್ಜಿದೆ, ಮರಳಿನ ಹಾಗೆ ಕರಕರ ಅಂದಿತು. ದೂಳು ಒಳಗೆ ಹೋಗಿ ಜಾಯಿಂಟ್ ತಿನ್ನಲು ಶುರು ಮಾಡಿತ್ತು.

ಕಾರಣವನ್ನೂ ಭಾಯ್ ಬಿಡಿಸಿ ಹೇಳಿದರು. ಶಾಕ್ ಕೂರುವುದು ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ಆರ್ಮ್‌ನ ತುದಿಯಲ್ಲಲ್ಲ, ಸುಮಾರು ನಡುವೆ. ಹಾಗಾಗಿ ಮೇಲೆ 35 ಮಿಲಿಮೀಟರ್ ಬಿಲ್ಲೆ ಇಟ್ಟರೆ ಚಕ್ರದ ಹತ್ತಿರ ಅದರ ಎರಡರಷ್ಟಕ್ಕೆ ಹತ್ತಿರ ಎತ್ತರ ಸಿಗುತ್ತದೆ. ಆದರೆ ಡಿಫರೆನ್ಷಿಯಲ್ (ಇಂಜಿನ್ ಶಕ್ತಿಯನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರ್ ಗುಂಡು) ಇದ್ದಲ್ಲೇ ಇರುತ್ತದೆ, ಚಕ್ರ ಕೆಳಗೆ ಹೋಗುತ್ತದೆ. ನಡುವಿನ ಆಕ್ಸಲ್ ಶಾಫ್ಟ್ ಇಳಿಜಾರಾಗಿ, ತನಗೆ ಹೇಳಿದ ಕೋನಕ್ಕಿಂತ ಜಾಸ್ತಿ ಬಗ್ಗಿ ತಿರುಗುತ್ತದೆ. ಹಳ್ಳಕ್ಕೆ ಚಕ್ರ ಜೋತುಬಿದ್ದಾಗ ಇನ್ನೂ ಜಾಸ್ತಿ. ಮೇಲಿನ ಆರ್ಮ್‌ನ ಬಾಲ್ ಜಾಯಿಂಟ್‌ಗೂ ಇದೇ ಗತಿ. ಇಂಥ ಮುಂಭಾಗ ಇರುವ ಗಾಡಿಗಳಲ್ಲಿ ಎರಡು ಇಂಚ್ ದಾಟಿದರೆ ಬರೀ ಬಿಲ್ಲೆ ಸಾಲದು. ಬೇರೆ ಮೇಲಿನ ಆರ್ಮ್ ಬೇಕಾಗುತ್ತದೆ, ಎಷ್ಟೋ ಸಲ ಡಿಫರೆನ್ಷಿಯಲ್ ಅನ್ನೂ ಕೆಳಗಿಳಿಸಬೇಕಾಗುತ್ತದೆ.

ನೈಸ್ ರೋಡಲ್ಲಿ ಗಾಡಿ ಆ ಕಡೆ ಈ ಕಡೆ ಎಳೆಯುತ್ತಿದ್ದದ್ದು ಕ್ಯಾಸ್ಟರ್ ಹಾಳಾಗಿ. ಗಾಡಿ ನೇರ ಓಡುವ ಹಾಗೆ ಮುಂದಿನ ಚಕ್ರಕ್ಕೆ ಕೊಟ್ಟಿರುವ ಓರೆ ಅದು. ವೀಲ್ ಅಲೈನ್‌ಮೆಂಟ್‌ನಲ್ಲಿ ಅದನ್ನು ಎಷ್ಟು ತಿರುಗಿಸಿದರೂ ಕೆಂಪು ಅಂಕಿ ಹಸಿರಾಗಲಿಲ್ಲ. ಟೈರಿನ ಒಂದು ಅಂಚು ಸವೆದಿತ್ತು. ಇನ್ನು ಆಕ್ಸಲ್ಲನ್ನು ಲೀಫ್ ಸ್ಪ್ರಿಂಗಿಗೆ ಬಿಗಿಯುವ ಯು ಬೋಲ್ಟ್! ಹೊಸ ಬ್ಲಾಕಿಗೆ ಹೊಸ ಉದ್ದದ ಬೋಲ್ಟ್ ಹಾಕಿದ್ದರು, ಸರಿ. ಸ್ವಲ್ಪ ದೂರ ಓಡಿಸಿ ವಾಪಸ್ ಬಂದು ಟೈಟ್ ಮಾಡಿಸಿ ಅಂತ ಯಾರೂ ಹೇಳಿರಲಿಲ್ಲ. ನಾಲ್ಕರಲ್ಲಿ ಎರಡು ಬೋಲ್ಟ್ ಸ್ಪ್ಯಾನರ್ ಇಟ್ಟ ಕೂಡಲೇ ತಿರುಗಿದವು. ಆಕ್ಸಲ್ ಹಿಡಿದಿಡುವ ಬೋಲ್ಟ್ ಅವು.

ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಬೇರೆ. ನಾನು ಎತ್ತರಿಸಿದ್ದು ತೋಟದ ದಿಬ್ಬಕ್ಕೆ ಅಲ್ವಾ? ಹಿಂದೆ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರ ಇರುವುದು ನಡುವಿನ ಡಿಫರೆನ್ಷಿಯಲ್ ಗುಂಡು. ಲಿಫ್ಟ್ ಕಿಟ್ ಚಾಸಿಯನ್ನು ಎತ್ತುತ್ತದೆ, ಆ ಗುಂಡನ್ನು ಒಂದು ಕೂದಲೆಳೆಯಷ್ಟೂ ಎತ್ತುವುದಿಲ್ಲ. ಅದು ಎತ್ತರವಾಗಬೇಕಾದರೆ ಟೈರ್ ದೊಡ್ಡದಾಗಬೇಕು. ಈ ಮಾತನ್ನು ಅಂಗಡಿಯವರು ಒಂದು ಸಾಲಲ್ಲಿ ಹೇಳಿದ್ದರೆ ನಾನು ಅಲ್ಲಿಂದಲೇ ವಾಪಸ್ ಬರುತ್ತಿದ್ದೆ.

ಕಾನೂನಿನ ವಿಷಯವನ್ನೂ ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇದೆ. ಆ ಟೆಂಪೋಗೆ ಗುದ್ದಿದ್ದರೆ ಇನ್ಶೂರೆನ್ಸ್ ಸರ್ವೇಯರ್ ಕಣ್ಣು ಮೊದಲು ಆ ಬ್ಲಾಕ್ ಮೇಲೆಯೇ ಬೀಳುತ್ತಿತ್ತು.

ನಾನು ಎಲ್ಲ ಬಿಚ್ಚಿಸಿ ಕಂಪನಿ ಎತ್ತರಕ್ಕೇ ಇಳಿಸಿದೆ. ಎಡಗಡೆ ಆಕ್ಸಲ್ ಶಾಫ್ಟ್, ಎರಡು ಟೈರ್, ಕೂಲಿ ಎಲ್ಲ ಸೇರಿ ಕಿಟ್‌ಗಿಂತ ಜಾಸ್ತಿ ಆಯಿತು. ಅಂಗಡಿಯವರು ದುಡ್ಡು ವಾಪಸ್ ಕೊಡಲಿಲ್ಲ. ತೋಟದ ದಾರಿಗೆ ಎರಡು ಲೋಡ್ ಜಲ್ಲಿ ಹೊಡೆಸಿದೆ, ಕಂಪನಿ ಅಳತೆಯಲ್ಲೇ ಆಲ್ ಟೆರೇನ್ ಟೈರ್ ಹಾಕಿಸಿದೆ. ಈ ಮಳೆಗಾಲ ಹೊಟ್ಟೆ ಉಜ್ಜಲಿಲ್ಲ. ಅಮ್ಮನಿಗೂ ಗಾಡಿ ಹತ್ತುವುದು ಮೊದಲಿನ ಹಾಗೆ ಸಲೀಸಾಗಿದೆ.

ನೀವು ಈಗಾಗಲೇ ಹಾಕಿಸಿದ್ದರೆ ದಯವಿಟ್ಟು ಇವತ್ತೇ ಒಂದು ಟಾರ್ಚ್ ಹಿಡಿದು ಗಾಡಿ ಕೆಳಗೆ ನೋಡಿ. ಮುಂದಿನ ರಿಮ್ ಒಳಗೆ ಗ್ರೀಸ್ ಇದೆಯಾ? ಚಕ್ರ ಪೂರ್ತಿ ತಿರುಗಿಸಿದಾಗ ಬ್ರೇಕ್ ಹೋಸ್ ಬಿಗಿಯಾಗುತ್ತದೆಯಾ? ಆ ವಾಲ್ವ್ ಸರಳನ್ನು ಯಾರಾದರೂ ಮುಟ್ಟಿದ್ದಾರಾ? ಯು ಬೋಲ್ಟ್‌ಗೆ ಟಾರ್ಕ್ ರೆಂಚ್ (ಎಷ್ಟು ಬಿಗಿ ಬೇಕೋ ಅಷ್ಟೇ ಬಿಗಿಯುವ ಸ್ಪ್ಯಾನರ್) ಹಾಕಿಸಿ. ಅದೆಲ್ಲ ಆಗುವವರೆಗೆ ಹಿಂದೆ ಲೋಡ್ ಹಾಕಿ ಮಳೆಯಲ್ಲಿ ಹೊರಡಬೇಡಿ.