ಕಿಡ್ನಿ ತೊಂದರೆ ಇರುವ ಮನೆಗೆ ಓಮ್ರಾನ್ 7120 ಸಾಕೇ?

ಕಿಡ್ನಿ ಸೋತವರಿಗೆ ಲಕ್ವ ಹೊಡೆಯುವ ಭಯ ಉಳಿದವರಿಗಿಂತ ಹೆಚ್ಚು. ಅದರ ಕಾರಣಗಳಲ್ಲಿ ಮನೆಯಲ್ಲೇ ಹಿಡಿತಕ್ಕೆ ಸಿಗುವುದು ಬಿ.ಪಿ. ಅದನ್ನು ಅಳೆಯಲು, ತೋಳಿಗೆ ಕಟ್ಟುವ ಈ ಸಾದಾ ಯಂತ್ರ ಧಾರಾಳ ಸಾಕು. ಮಣಿಕಟ್ಟಿಗೆ ಕಟ್ಟುವುದನ್ನು ಮಾತ್ರ ತರಬೇಡಿ. ಕೈ ಎದೆಮಟ್ಟದಿಂದ ಕೊಂಚ ಏರುಪೇರಾದರೂ ಅದರ ಲೆಕ್ಕ ತಪ್ಪುತ್ತದೆ.

ತಕರಾರು ಇರುವುದು ಪಟ್ಟಿಯಲ್ಲಿ. ಜೊತೆಗೆ ಬರುವ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ತೋಳು ದಪ್ಪಗಿದ್ದು ಅದನ್ನೇ ಬಿಗಿದರೆ ಬಿ.ಪಿ. ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಆ ಅಂಕಿ ನಂಬಿ ಮಾತ್ರೆ ಏರಿಸಿದರೆ ಡಯಾಲಿಸಿಸ್ ಮುಗಿಸಿ ಏಳುವಾಗ ತಲೆ ಗಿರ್ರೆನ್ನುತ್ತದೆ. ಕೊಳ್ಳುವ ಮುಂಚೆ ಟೇಪು ಹಿಡಿದು ತೋಳು ಅಳೆಯಿರಿ. ದೊಡ್ಡ ಪಟ್ಟಿ ಬೇರೆಯಾಗಿ ಸಿಗುತ್ತದೆ. ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ ಕೈಗೆ ಯಾವ ಪಟ್ಟಿಯನ್ನೂ ಕಟ್ಟಬಾರದು. ಒತ್ತಡಕ್ಕೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಫಿಸ್ಟುಲಾ ನಿಂತೇ ಹೋದೀತು.

ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಮಾತ್ರೆ, ತಿಂಡಿ, ಚಹಾ ಯಾವುದೂ ಆಗುವ ಮೊದಲು ಬೆನ್ನಿಗೆ ಆನಿಕೆ ಇಟ್ಟು ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ನೆಲದ ಮೇಲೆ, ಪಟ್ಟಿ ಬರಿ ತೋಳಿನ ಮೇಲೆ, ಅದರ ಕೆಳಅಂಚು ಮೊಣಕೈ ಮಡಿಕೆಯಿಂದ 1–2 ಸೆಂ.ಮೀ. ಮೇಲೆ. ನಿಮಿಷ ಬಿಟ್ಟು ಎರಡು ಸಲ, ಸಂಜೆಯೂ ಹಾಗೆಯೇ. ಜಗಲಿಯಲ್ಲಿ ಊರ ಸುದ್ದಿ ಹೇಳುತ್ತ ಅಳೆದರೆ ಸಿಗುವುದು ಸುದ್ದಿಯ ಬಿ.ಪಿ.! ಯಂತ್ರಕ್ಕೆ ಕೊನೆಯ ಒಂದು ಅಳತೆಯಷ್ಟೇ ನೆನಪಿರುವುದರಿಂದ ಚೀಟಿಯಲ್ಲಿ ಬರೆದಿಡುವುದು ಅನಿವಾರ್ಯ. ಏಳು ದಿನದ ಸರಾಸರಿ 135/85 ದಾಟಿದ್ದರೆ ಆ ಚೀಟಿ ಡಾಕ್ಟರಿಗೆ ತೋರಿಸಿ. ಒಣಮೀನು, ಮಿಡಿ ಉಪ್ಪಿನಕಾಯಿ ತಿಂದ ದಿನವನ್ನೂ ಅದರಲ್ಲೇ ಗುರುತು ಮಾಡಿ.

ಎದೆಬಡಿತ ತಪ್ಪಿದರೆ ಪರದೆಯಲ್ಲಿ ಗುರುತು ಮಿನುಗುತ್ತದೆ. ಒಮ್ಮೆ ಬಂದರೆ ಕೈ ಅಲುಗಿರಬಹುದು. ಮತ್ತೆಮತ್ತೆ ಬಂದರೆ ಇಸಿಜಿ ಮಾಡಿಸಲೇಬೇಕು. ತಾಳ ತಪ್ಪಿದ ಹೃದಯದಲ್ಲಿ ಕಟ್ಟಿದ ರಕ್ತದ ಗಡ್ಡೆ ಮಿದುಳಿಗೆ ಹೋಗುವುದೂ ಲಕ್ವದ ಒಂದು ದಾರಿ.

ನಾಲ್ಕು ಎಎ ಸೆಲ್ ಬೇಕು. ಕಾರವಾರದ ಉಪ್ಪುಗಾಳಿಗೆ ಸ್ಪ್ರಿಂಗಿಗೆ ಕಿಲುಬು ಹಿಡಿಯುತ್ತದೆ. ಮಳೆಗಾಲದಲ್ಲಿ ಮುಚ್ಚಳದ ಡಬ್ಬಿಯಲ್ಲಿಡಿ.

ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ ಯಂತ್ರ ಹುಡುಕುತ್ತ ಕೂರದೆ 108ಕ್ಕೆ ಫೋನ್ ಮಾಡಿ. ಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಗಡುವು, ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿ.ಮೀ. ಕೊನೆಯ ಡಯಾಲಿಸಿಸ್ ಎಷ್ಟು ಹೊತ್ತಿಗೆ ಮುಗಿಯಿತು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟಿದ್ದರೇ ಎಂಬುದನ್ನು ಆಸ್ಪತ್ರೆಯಲ್ಲಿ ಮೊದಲೇ ಹೇಳಿ.