ಪ್ರೀಸೆಟ್ ತಿದ್ದೋದಾ, ಇನಿಟ್‌ನಿಂದ ಕಟ್ಟೋದಾ?

ಕೀಬೋರ್ಡಲ್ಲಿ ನಿಮ್ಮದೇ ಸೌಂಡ್ ಬೇಕು ಅಂದ್ರೆ ಅದರಲ್ಲಿ ಮೊದಲೇ ಇರೋ ರೆಡಿ ಸೌಂಡ್, ಅಂದ್ರೆ ಪ್ರೀಸೆಟ್ ತಿದ್ದಬಹುದು, ಇಲ್ಲಾ ಏನೂ ಸೆಟ್ ಮಾಡದ ಖಾಲಿ ಸೌಂಡ್, ಅಂದ್ರೆ ಇನಿಟ್ ಪ್ಯಾಚ್‌ನಿಂದ ಶುರು ಮಾಡಬಹುದು.

ನುಡಿಸೋದೇ ಮುಖ್ಯ ಅನ್ನೋರಿಗೆ ಮೊದಲನೇದೇ ಸಾಕು ಅಂತೀನಿ. ಸ್ಟ್ರಿಂಗ್ಸ್ ನಿಧಾನಕ್ಕೆ ಏಳುತ್ತೆ, ಫಾಸ್ಟಾಗಿ ನುಡಿಸಿದ್ರೆ ಸ್ವರ ಕೇಳೋದ್ರೊಳಗೆ ಮುಗಿದೋಗಿರುತ್ತೆ, ಆವಾಗ ಅಟ್ಯಾಕ್ (ಸ್ವರ ಏಳೋಕೆ ಹಿಡಿಯೋ ಟೈಮ್) ಕಮ್ಮಿ ಮಾಡಿ. ಬ್ರಾಸ್ ಕಿವಿಗೆ ಚುಚ್ತಾ ಇದ್ರೆ ಫಿಲ್ಟರ್ ಕಟಾಫ್ (ಸೌಂಡಿನ ಚೂಪನ್ನ ಎಲ್ಲಿಂದ ಕತ್ತರಿಸಬೇಕು ಅನ್ನೋ ಗಡಿ) ಇಳಿಸಿ, ಸ್ವರಗಳು ಒಂದರ ಮೇಲೊಂದು ಬಿದ್ದು ಗಜಿಬಿಜಿ ಆದ್ರೆ ರಿಲೀಸ್ (ಕೀ ಬಿಟ್ಟ ಮೇಲೂ ಸ್ವರ ಉಳಿಯೋ ಟೈಮ್) ಕಡಿಮೆ ಮಾಡಿ. ಇದಕ್ಕೂ ಮೊದಲು ರಿವರ್ಬ್ (ದೊಡ್ಡ ಹಾಲ್ ಥರದ ಪ್ರತಿಧ್ವನಿ) ಆಫ್ ಮಾಡಿ ಕೇಳಿ, ಎಷ್ಟೋ ಪ್ರೀಸೆಟ್‌ಗಳ ಅರ್ಧ ಮೇಕಪ್ ಅದೇ! ನಾಬ್ ಇಲ್ವಾ, ಮಿಡಿಯಲ್ಲಿ (ಕೀಬೋರ್ಡ್, ಕಂಪ್ಯೂಟರ್ ಒಂದಕ್ಕೊಂದು ಮಾತಾಡೋ ಪದ್ಧತಿ) ಕಟಾಫಿಗೆ 74, ಅಟ್ಯಾಕಿಗೆ 73, ರಿಲೀಸಿಗೆ 72 ಅಂತ ಕಂಟ್ರೋಲ್ ನಂಬರ್ ಇದೆ, ನಿಮ್ಮ ಕೀಬೋರ್ಡ್ ಅದನ್ನ ತಗೊಳ್ಳುತ್ತಾ ಅಂತ ಮ್ಯಾನ್ಯುಯಲ್ ನೋಡ್ಕೊಳ್ಳಿ. ಆದ್ರೆ ಸ್ಯಾಂಪಲ್ (ರೆಕಾರ್ಡ್ ಮಾಡಿಟ್ಟ) ಪಿಯಾನೋನ ಎಷ್ಟೇ ತಿರುಚಿದ್ರೂ ಅದು ಪಿಯಾನೋ ಥರಾನೇ ಕೇಳ್ಸುತ್ತೆ.

ಇನಿಟ್ ಅಂದ್ರೆ ಬೋಳು ಸೌಂಡ್, ಸಾಮಾನ್ಯವಾಗಿ ಒಂದೇ ಆಸಿಲೇಟರ್ (ಮೂಲ ಸೌಂಡ್ ಹುಟ್ಟಿಸೋ ಭಾಗ). ಟೈಮ್ ತಿನ್ನುತ್ತೆ ನಿಜ, ಆದ್ರೆ ಯಾವ ನಾಬ್ ಏನ್ ಮಾಡುತ್ತೆ ಅಂತ ಕಿವಿಗೇ ಗೊತ್ತಾಗುತ್ತೆ. ಅನಲಾಗ್ ಥರದ ಸಿಂಥ್‌ಗೆ ಇದು ಮಜಾ. ಎಫ್‌ಎಮ್‌ಗೆ (ಒಂದು ಅಲೆಯಿಂದ ಇನ್ನೊಂದರ ಫ್ರೀಕ್ವೆನ್ಸಿ ಅಲುಗಾಡಿಸಿ ಸೌಂಡ್ ಮಾಡೋ ರೀತಿ) ಮಾತ್ರ ಕೈ ಮುಗಿದೆ, 1983ರ ಯಮಾಹಾ ಡಿಎಕ್ಸ್7ನಲ್ಲೇ ಅಲೆ ಹುಟ್ಟಿಸೋ 6 ಆಪರೇಟರ್, ಅವನ್ನ ಜೋಡಿಸೋ 32 ಆಲ್ಗರಿದಮ್, ಒಂದು ನಂಬರ್ ಬದಲಾದ್ರೆ ಬೆಲ್ ಹೋಗಿ ತಗಡು ಡಬ್ಬ ಆಗುತ್ತೆ, ಅಲ್ಲಿ ಪ್ರೀಸೆಟ್ ಹಿಡ್ಕೊಂಡೇ ಹೋಗಿ.

ಎರಡರಲ್ಲೂ ಬೇರೆ ಸೌಂಡಿಗೆ ಹೋಗೋ ಮುಂಚೆ ಯೂಸರ್ ಮೆಮೊರಿಗೆ ಸೇವ್ ಮಾಡಿ, ಇಲ್ದಿದ್ರೆ ಮಾಡಿದ್ದೆಲ್ಲಾ ಹೋಗುತ್ತೆ.